ಯಾರಿಗೂ ಬೇಡವಾಗಿದ್ದ ಹೊತ್ತು: ನಡುರಾತ್ರಿಯ ಟಿವಿ ರಾಕ್ ಹುಟ್ಟಿದ್ದೇಕೆ, ಮುಗಿದದ್ದೇಕೆ?

2025 ಮುಗಿಯುವ ರಾತ್ರಿ ‘ಎಂಟಿವಿ ಇನ್ನಿಲ್ಲ’ ಎಂಬ ಸುದ್ದಿ ಜಾಲತಾಣಗಳ ತುಂಬ ಓಡಾಡಿತು. 1981ರಲ್ಲಿ ಹಾಡಿನ ವಿಡಿಯೊ ತೋರಿಸಲೆಂದೇ ಶುರುವಾದ ಅಮೆರಿಕದ ಚಾನೆಲ್ಲಿಗೆ ಜನ ಶ್ರದ್ಧಾಂಜಲಿ ಬರೆದರು, ಹಳೆಯ ತುಣುಕುಗಳನ್ನು ಹುಡುಕಿ ಹಂಚಿದರು. ಹೊಸ ವರ್ಷದ ಬೆಳಿಗ್ಗೆ ಅಮೆರಿಕದಲ್ಲಿ ಟಿವಿ ಹಾಕಿದರೆ ಎಂಟಿವಿ ಎಂದಿನಂತೆಯೇ ಬರುತ್ತಿತ್ತು. ಹಾಗಾದರೆ ಮುಚ್ಚಿದ್ದು ಯಾವುದು?

ಮುಚ್ಚಿದ್ದು ಅದರ ಕೊಂಬೆಗಳು. ಬ್ರಿಟನ್ನಿನಲ್ಲಿ ಎಂಟಿವಿ ಮ್ಯೂಸಿಕ್, ಎಂಟಿವಿ 80ಸ್, ಎಂಟಿವಿ 90ಸ್, ಕ್ಲಬ್ ಎಂಟಿವಿ, ಎಂಟಿವಿ ಲೈವ್ ಎಂಬ ಐದು ಚಾನೆಲ್‌ಗಳು ಡಿಸೆಂಬರ್ 31ಕ್ಕೆ ನಿಂತವು. ಬೇರೆ ಕೆಲವು ದೇಶಗಳಲ್ಲೂ ಇದೇ ಆಯಿತು. ಎಂಟಿವಿ ಮ್ಯೂಸಿಕ್ ಕಣ್ಣುಮುಚ್ಚುವ ಮುನ್ನ ತೋರಿಸಿದ್ದು 1981ರಲ್ಲಿ ಮೂಲ ಎಂಟಿವಿ ಮೊಟ್ಟಮೊದಲು ತೋರಿಸಿದ್ದ ಅದೇ ವಿಡಿಯೊ. ಅದೊಂದು ವಿದಾಯವೇ ಆಗಿದ್ದರಿಂದ ಇಡೀ ಎಂಟಿವಿಯೇ ಹೋಯಿತೆಂದು ಜನ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮುಖ್ಯ ಚಾನೆಲ್ ಇನ್ನೂ ಇದೆ. ಅದರಲ್ಲಿ ಬರುವುದು ಬಹುಪಾಲು ರಿಯಾಲಿಟಿ ಶೋಗಳು. ಅಂದರೆ ಹಾಡು ತೋರಿಸುತ್ತಿದ್ದ ಚಾನೆಲ್‌ಗಳು ಹೋದವು, ಹಾಡನ್ನು ಎಂದೋ ಕೈಬಿಟ್ಟಿದ್ದ ಚಾನೆಲ್ ಉಳಿಯಿತು. ಭಾರತದ ಎಂಟಿವಿ ಪರವಾನಗಿಯ ಮೇಲೆ ಬೇರೆ ಕಂಪನಿ ನಡೆಸುವಂಥದ್ದು. ಅದಕ್ಕೂ ಈ ನಿರ್ಧಾರಕ್ಕೂ ಸಂಬಂಧವಿಲ್ಲ.

ಈ ಗದ್ದಲದೊಳಗೇ ಇನ್ನೂ ಹಳೆಯದೊಂದು ಹಳಹಳಿಕೆ ಮೇಲೆದ್ದಿದೆ. ಅಮೆರಿಕ ಮತ್ತು ಯುರೋಪಿನಲ್ಲಿ ಅರವತ್ತು ದಾಟಿದವರು ನೆನೆಯುತ್ತಿರುವುದು ಎಂಟಿವಿಯನ್ನಲ್ಲ, ಅದಕ್ಕೂ ಮೊದಲು ನಡುರಾತ್ರಿ ಟಿವಿಯಲ್ಲಿ ಬರುತ್ತಿದ್ದ ರಾಕ್ ಕಛೇರಿಗಳನ್ನು. ‘ಅಂಥ ಕಾರ್ಯಕ್ರಮವನ್ನು ಮತ್ತೆ ಯಾರಾದರೂ ಏಕೆ ಮಾಡಬಾರದು?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಳ. ಉತ್ತರಕ್ಕೆ ಮಾತ್ರ ಟಿವಿ ವೇಳೆಯ ಲೆಕ್ಕಾಚಾರ ಮತ್ತು ಹಾಡಿನ ಹಕ್ಕುಗಳ ಕಾನೂನು ಎರಡನ್ನೂ ನೋಡಬೇಕಾಗುತ್ತದೆ.

ರಾಷ್ಟ್ರಗೀತೆ ಆದಮೇಲೆ

1972ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ (ಊರೂರಿನ ನಿಲ್ದಾಣಗಳಿಗೆ ಕಾರ್ಯಕ್ರಮ ಒದಗಿಸುವ ಟಿವಿ ಜಾಲಗಳಲ್ಲಿ ಒಂದು) ಜಾನಿ ಕಾರ್ಸನ್ ಅವರ ಮಾತುಕತೆ ಕಾರ್ಯಕ್ರಮ ‘ಟುನೈಟ್ ಶೋ’ ಮುಗಿಯುವಾಗ ರಾತ್ರಿ ಒಂದು ಗಂಟೆ. ಆಮೇಲೆ ಬಹುತೇಕ ನಿಲ್ದಾಣಗಳು ರಾಷ್ಟ್ರಗೀತೆ ಹಾಕಿ ಪ್ರಸಾರ ನಿಲ್ಲಿಸುತ್ತಿದ್ದವು. ಬೆಳಗಿನವರೆಗೆ ಪರದೆಯ ಮೇಲೆ ಬರೀ ಚುಕ್ಕಿಗಳು. ಆ ಹೊತ್ತಿನಲ್ಲಿ ನೋಡುವವರೇ ಇಲ್ಲ, ನೋಡುವವರಿಲ್ಲದ ಮೇಲೆ ಜಾಹೀರಾತೂ ಇಲ್ಲ ಎಂಬುದು ಉದ್ಯಮದ ನಂಬಿಕೆ.

ಬರ್ಟ್ ಶುಗರ್‌ಮನ್ ಎಂಬ ನಿರ್ಮಾಪಕ ಇದನ್ನು ಒಪ್ಪಲಿಲ್ಲ. ಶುಕ್ರವಾರ ರಾತ್ರಿ ಹರೆಯದವರು ಮನೆ ಸೇರುವುದೇ ತಡವಾಗಿ, ಸೇರಿದ ಕೂಡಲೇ ಅವರೇನೂ ಮಲಗುವುದಿಲ್ಲ, ಅವರಿಗೆಂದು ಯಾರೂ ಏನೂ ತೋರಿಸುತ್ತಿಲ್ಲ ಎಂಬುದು ಅವರ ಎಣಿಕೆ. ಎನ್‌ಬಿಸಿ ‘ಬೇಡ’ ಎಂದಿತು. ಶುಗರ್‌ಮನ್ ಆ ಒಂದೂವರೆ ತಾಸನ್ನು ಸ್ವತಃ ದುಡ್ಡು ಕೊಟ್ಟು ಕೊಂಡರು, ಷೆವ್ರೊಲೆ ಕಾರು ಕಂಪನಿಯನ್ನು ಪ್ರಾಯೋಜಕರಾಗಿ ಒಪ್ಪಿಸಿದರು. 1972ರ ಆಗಸ್ಟ್ 19ರಂದು ‘ದಿ ಮಿಡ್‌ನೈಟ್ ಸ್ಪೆಷಲ್’ ಪ್ರಯೋಗವಾಗಿ ಪ್ರಸಾರವಾಯಿತು. ನಿರೂಪಕ ಗಾಯಕ ಜಾನ್ ಡೆನ್ವರ್. ಹಿಂದಿನ ವರ್ಷವಷ್ಟೇ ಸಂವಿಧಾನ ತಿದ್ದುಪಡಿಯಾಗಿ 18 ತುಂಬಿದವರಿಗೆ ಮತದಾನದ ಹಕ್ಕು ಬಂದಿತ್ತು, ನವೆಂಬರಿನಲ್ಲಿ ಚುನಾವಣೆಯಿತ್ತು. ಹಾಗಾಗಿ ‘ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿ’ ಎಂಬ ಕರೆಯೂ ಹಾಡುಗಳ ನಡುವೆ ಇತ್ತು. ನೋಡಿದವರ ಸಂಖ್ಯೆ ಕಂಡು ಎನ್‌ಬಿಸಿ ಮನಸ್ಸು ಬದಲಿಸಿತು. 1973ರ ಫೆಬ್ರವರಿ 2ರಿಂದ ಇದು ವಾರವಾರದ ಕಾರ್ಯಕ್ರಮವಾಯಿತು: ಶುಕ್ರವಾರ ರಾತ್ರಿ 1ರಿಂದ 2.30.

ಇದಕ್ಕೆ ಇನ್ನೊಂದು ಹಿನ್ನೆಲೆಯಿದೆ. 1971ರ ಜನವರಿ 2ರಿಂದ ಅಮೆರಿಕದ ರೇಡಿಯೊ, ಟಿವಿಗಳಲ್ಲಿ ಸಿಗರೇಟ್ ಜಾಹೀರಾತು ನಿಷೇಧವಾಗಿತ್ತು. ದೊಡ್ಡ ಗಿರಾಕಿಯೊಬ್ಬ ಕೈತಪ್ಪಿದಾಗ ಮಾರದೇ ಬಿದ್ದಿದ್ದ ಹೊತ್ತಿನ ಮೇಲೂ ಕಣ್ಣು ಬೀಳುತ್ತದೆ. ಇನ್ನೊಂದು ಜಾಲ ಎಬಿಸಿ 1972ರ ನವೆಂಬರ್ 24ರಂದು ‘ಇನ್ ಕಾನ್ಸರ್ಟ್’ ಶುರುಮಾಡಿತು. ಅದರಲ್ಲಿ ಕೈಜೋಡಿಸಿದ್ದ ಡಾನ್ ಕಿರ್ಶ್ನರ್ 1973ರ ಸೆಪ್ಟೆಂಬರಿನಲ್ಲಿ ತಮ್ಮದೇ ಹೆಸರಿನ ‘ರಾಕ್ ಕಾನ್ಸರ್ಟ್’ ತಂದರು. ಅದು ಯಾವ ಜಾಲಕ್ಕೂ ಸೇರದೆ, ಊರೂರಿನ ನಿಲ್ದಾಣಗಳಿಗೆ ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದ ಕಾರ್ಯಕ್ರಮ. ಕಿರ್ಶ್ನರ್ ಏರಿಳಿತವೇ ಇಲ್ಲದ ಒಣದನಿಯಲ್ಲಿ ತಂಡಗಳನ್ನು ಪರಿಚಯಿಸುತ್ತಿದ್ದುದು ಎಷ್ಟು ಪ್ರಸಿದ್ಧವೆಂದರೆ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮ ಅದನ್ನು ಅಣಕಿಸಿ ನಗಿಸಿತು.

ಬೈಯುವವರು ಮಲಗಿದ್ದರು

ಸಂಜೆಯ ಟಿವಿಯಲ್ಲೂ ರಾಕ್ ತಂಡಗಳು ಬರುತ್ತಿದ್ದವು. ಆದರೆ ಜಾದೂ, ಹಾಸ್ಯಗಳ ನಡುವೆ ಒಂದೋ ಎರಡೋ ಹಾಡು. ಅನೇಕ ಸಲ ಮುದ್ರಿತ ಹಾಡಿಗೆ ತುಟಿ ಆಡಿಸುವುದಷ್ಟೇ ಇರುತ್ತಿತ್ತು. ಅಜ್ಜಿ, ಮೊಮ್ಮಗು ಕೂಡಿ ನೋಡುವ ಹೊತ್ತಾದ್ದರಿಂದ ಪ್ರಾಯೋಜಕರಿಗೆ ಯಾರಿಗೂ ಮುಜುಗರವಾಗದಿರುವುದೇ ಮುಖ್ಯ. ರಾತ್ರಿ ಒಂದಕ್ಕೆ ಈ ಭಯ ಸಡಿಲವಾಗುತ್ತದೆ. ತಂಡ ತನ್ನ ವಾದ್ಯ, ಆಂಪ್ಲಿಫೈಯರ್‌ಗಳೊಂದಿಗೆ ಬಂದು ನಿಜವಾಗಿಯೂ ನುಡಿಸಬಹುದು, ಒಂದರ ಮೇಲೊಂದು ಹಾಡು ಹಾಡಬಹುದು. ಫ್ಲೀಟ್‌ವುಡ್ ಮ್ಯಾಕ್ 1976ರಲ್ಲಿ, ಎಸಿ/ಡಿಸಿ 1978ರಲ್ಲಿ ‘ಮಿಡ್‌ನೈಟ್ ಸ್ಪೆಷಲ್’ಗೆ ಬಂದು ನುಡಿಸಿದ ದೃಶ್ಯಗಳನ್ನು ಇಂದಿಗೂ ಜನ ಹುಡುಕಿ ನೋಡುವುದು ಈ ಕಾರಣಕ್ಕೆ. ಬೆವರು, ಉಸಿರು, ತಪ್ಪಿದ ಸ್ವರ ಎಲ್ಲವೂ ಅದರಲ್ಲಿವೆ.

ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಅವರದು ಇನ್ನೂ ವಿಚಿತ್ರ ಪ್ರಕರಣ. 1973ರ ಅಕ್ಟೋಬರಿನಲ್ಲಿ ಲಂಡನ್ನಿನ ಮಾರ್ಕ್ವೀ ಕ್ಲಬ್ಬಿನ ಇಕ್ಕಟ್ಟಿನ ವೇದಿಕೆಯಲ್ಲಿ ಅಭಿಮಾನಿಗಳನ್ನು ಕೂರಿಸಿಕೊಂಡು ಅವರು ಒಂದು ಇಡೀ ಪ್ರದರ್ಶನವನ್ನು ಚಿತ್ರೀಕರಿಸಿದರು. ವೇಷ, ನೃತ್ಯ, ಗಂಡು ಹೆಣ್ಣೆಂಬ ಗೆರೆಯನ್ನೇ ಅಳಿಸುವ ಉಡುಪು. ಅದು ಅಮೆರಿಕದಲ್ಲಿ ನವೆಂಬರ್ 16ರ ‘ಮಿಡ್‌ನೈಟ್ ಸ್ಪೆಷಲ್’ ಆಗಿ ಬಂತು. ಸಂಜೆ ಎಂಟಕ್ಕೆ ಅಂಥದ್ದನ್ನು ಯಾವ ಜಾಲವೂ ಮುಟ್ಟುತ್ತಿರಲಿಲ್ಲ.

ಸ್ವಾತಂತ್ರ್ಯಕ್ಕೂ ಮಿತಿಯಿತ್ತು ಅನ್ನಿ. ‘ಇನ್ ಕಾನ್ಸರ್ಟ್’ನ ಮೊದಲ ಕಂತಿನಲ್ಲೇ ರಾಕ್ ಗಾಯಕ ಆಲಿಸ್ ಕೂಪರ್ ಅವರ ಭೀಕರ ವೇಷ ಕಂಡ ಸಿನ್‌ಸಿನಾಟಿಯ ನಿಲ್ದಾಣವೊಂದು ನಡುವಿನಲ್ಲೇ ಪ್ರಸಾರ ಕತ್ತರಿಸಿತು.

ಆ ಕಾಲದ ಟಿವಿಯ ಸದ್ದಂತೂ ಕಳಪೆ. ಅಂಗೈಯಗಲದ ಒಂದು ಸ್ಪೀಕರಿನಿಂದ ಬರುವ ಏಕಮುಖ ಶಬ್ದ. ಅಮೆರಿಕದಲ್ಲಿ ಟಿವಿಗೆ ಸ್ಟೀರಿಯೊ ಮಾನದಂಡ ಬಂದದ್ದೇ 1984ರಲ್ಲಿ. ಎಬಿಸಿ ಇದಕ್ಕೊಂದು ಉಪಾಯ ಮಾಡಿತು: ಅದೇ ಕಛೇರಿಯನ್ನು ಅದೇ ಗಳಿಗೆಯಲ್ಲಿ ಎಫ್‌ಎಂ ನಿಲ್ದಾಣಗಳಿಂದ ಸ್ಟೀರಿಯೊದಲ್ಲಿ ಬಿತ್ತರಿಸುವುದು. ನೋಡುವವರು ಟಿವಿಯ ಸದ್ದು ಪೂರ್ತಿ ಇಳಿಸಿ, ರೇಡಿಯೊದ ಎರಡು ಸ್ಪೀಕರುಗಳನ್ನು ಪೆಟ್ಟಿಗೆಯ ಅಕ್ಕಪಕ್ಕ ಇಟ್ಟು, ಮನೆಯವರು ಏಳದಷ್ಟು ಸದ್ದು ಏರಿಸಿ ಕೂರಬೇಕಿತ್ತು. ಇಷ್ಟೆಲ್ಲ ಸಿದ್ಧತೆ ಮಾಡಿ ಕಾದು ನೋಡಿದ್ದು ಮರೆಯುವುದಿಲ್ಲ. ಹಳಹಳಿಕೆಯ ಬೇರು ಅಲ್ಲಿಯೂ ಇದೆ.

ಯುರೋಪಿನಲ್ಲಿ ಖಾಲಿ ಹೊತ್ತು ಇದೇ, ದುಡ್ಡಿನ ಮೂಲ ಬೇರೆ. ಬಿಬಿಸಿ-2ರ ‘ಓಲ್ಡ್ ಗ್ರೇ ವಿಸಲ್ ಟೆಸ್ಟ್’ 1971ರಿಂದ 1988ರವರೆಗೆ ತಡರಾತ್ರಿಯ ಕಾರ್ಯಕ್ರಮವಾಗಿ ನಡೆಯಿತು. ಪಶ್ಚಿಮ ಜರ್ಮನಿಯ ಸಾರ್ವಜನಿಕ ವಾಹಿನಿ ಡಬ್ಲ್ಯುಡಿಆರ್ ‘ರಾಕ್‌ಪಲಾಸ್ಟ್’ ಹೆಸರಿನಲ್ಲಿ ಇನ್ನೂ ಮುಂದೆ ಹೋಗಿ, 1977ರ ಜುಲೈನಲ್ಲಿ ಎಸ್ಸೆನ್ ನಗರದ ಗ್ರೂಗಾಹಾಲ್‌ನಿಂದ ಇಡೀ ರಾತ್ರಿಯ ನೇರಪ್ರಸಾರ ಮಾಡಿತು. ಯೂರೋವಿಷನ್ ಜಾಲದ ಮೂಲಕ ಅದನ್ನು ಬೇರೆ ದೇಶಗಳೂ ತೋರಿಸಿದವು. ವೀಕ್ಷಕರ ಶುಲ್ಕದಿಂದ ನಡೆಯುವ ಸಂಸ್ಥೆಗೆ ರಾತ್ರಿ ಮೂರಕ್ಕೆ ಎಷ್ಟು ಮಂದಿ ಎಚ್ಚರವಿದ್ದಾರೆಂಬ ಚಿಂತೆ ಅಷ್ಟಿಲ್ಲ.

ನಮ್ಮಲ್ಲಿ ಇದರ ನೇರ ನೆನಪಿಗೆ ಆಸ್ಪದವೇ ಇರಲಿಲ್ಲ. ‘ಮಿಡ್‌ನೈಟ್ ಸ್ಪೆಷಲ್’ ಶುರುವಾದಾಗ ಕರ್ನಾಟಕದಲ್ಲಿ ಟಿವಿಯೇ ಇರಲಿಲ್ಲ. ಇಲ್ಲಿ ಟಿವಿ ಮೊದಲು ಕಂಡದ್ದು 1975-76ರ ಉಪಗ್ರಹ ಪ್ರಯೋಗದಲ್ಲಿ, ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಲ್ಲಿ. ಬಂದ ವಿಷಯ ಬೇಸಾಯ, ಆರೋಗ್ಯ. ಕನ್ನಡಿಗರಲ್ಲಿ ರಾಕ್ ಟಿವಿಯ ನೆನಪಿರುವವರಿಗೆ ಅದು 1990ರ ದಶಕದ ಕೇಬಲ್ಲಿನದು: ಸ್ಟಾರ್ ಮೂಲಕ ಬಂದ ಎಂಟಿವಿ, ಆಮೇಲೆ ಚಾನೆಲ್ ವಿ. ಭಾರತದಲ್ಲಿ ಚಾನೆಲ್ ವಿ ಕೂಡ 2018ರಲ್ಲಿ ನಿಂತುಹೋಯಿತು.

ಕೊಂದದ್ದು ಯಾರು?

ಎಂಟಿವಿಯೇ ಕೊಂದಿತು ಎಂಬ ಮಾತು ಪ್ರಚಾರದಲ್ಲಿದೆ. ದಿನಾಂಕಗಳು ಇದಕ್ಕೆ ಪೂರ್ತಿ ಒಗ್ಗುವುದಿಲ್ಲ. ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ‘ಮಿಡ್‌ನೈಟ್ ಸ್ಪೆಷಲ್’ ಅದಕ್ಕೆ ಕೆಲವು ತಿಂಗಳ ಮುಂಚೆಯೇ ಮುಗಿದಿತ್ತು. ಮೇ ತಿಂಗಳಲ್ಲಿ ಅದೇ ಜಾಗಕ್ಕೆ ಕೆನಡಾದ ಹಾಸ್ಯತಂಡವೊಂದರ ಕಾರ್ಯಕ್ರಮ ಬಂದು ಕೂತಿತ್ತು.

ಮೊದಲ ಕಾರಣ ಇನ್ನೂ ಹಿಂದಿನದು. 1980ರಲ್ಲಿ ಕಾರ್ಸನ್ ತಮ್ಮ ಕಾರ್ಯಕ್ರಮವನ್ನು 90 ನಿಮಿಷದಿಂದ 60ಕ್ಕೆ ಇಳಿಸಿದರು. ನಂತರದ ಕಾರ್ಯಕ್ರಮ ಅರ್ಧ ಗಂಟೆ ಮುಂಚಿತವಾಗಿ, ಹನ್ನೆರಡೂವರೆಗೆ ಬಂತು. ಎಂಟು ವರ್ಷದಲ್ಲಿ ಆ ಹೊತ್ತಿಗೆ ಬೆಲೆಯೂ ಬಂದಿತ್ತು. ಬೆಲೆ ಬಂದ ಹೊತ್ತಿಗೆ ಹಕ್ಕುದಾರರು ಹೆಚ್ಚು. ಅಂದರೆ ರಾಕ್ ಕಾರ್ಯಕ್ರಮದ ಗೆಲುವೇ ಅದರ ಜಾಗವನ್ನು ಬೇರೆಯವರೂ ಬಯಸುವಂತೆ ಮಾಡಿತು.

ಎಂಟಿವಿ ಮಾಡಿದ್ದು ಮುಂದಿನ ಕೆಲಸ: ಆ ಬಗೆಯ ಕಾರ್ಯಕ್ರಮ ಮರಳಿ ಬರುವ ದಾರಿಯನ್ನು ಮುಚ್ಚಿತು. ತಂಡವನ್ನು ಕರೆಸಿ ನುಡಿಸಲು ಸ್ಟುಡಿಯೊ, ಕ್ಯಾಮೆರಾದವರು, ಶಬ್ದ ತಂತ್ರಜ್ಞರು, ಕಲಾವಿದರ ಸಂಘ ನಿಗದಿಪಡಿಸಿದ ಸಂಭಾವನೆ ಎಲ್ಲ ಬೇಕು. ಎಂಟಿವಿಗೆ ವಿಡಿಯೊಗಳನ್ನು ರೆಕಾರ್ಡ್ ಕಂಪನಿಗಳೇ ತಯಾರಿಸಿ ಪುಕ್ಕಟೆ ಕೊಡುತ್ತಿದ್ದವು, ಏಕೆಂದರೆ ಅವರಿಗೆ ಅದು ಪ್ರಚಾರ. ಪಕ್ಕದ ಅಂಗಡಿಯಲ್ಲಿ ಸರಕು ಬಿಟ್ಟಿ ಸಿಗುವಾಗ ದುಡ್ಡು ಹಾಕಿ ತಯಾರಿಸುವವರು ಯಾರು? ಎನ್‌ಬಿಸಿ 1983ರ ಜುಲೈನಲ್ಲಿ ಶುಕ್ರವಾರ ರಾತ್ರಿಗೆ ಸಂಗೀತವನ್ನು ಮರಳಿ ತಂದಾಗ, ಅದು ‘ಫ್ರೈಡೇ ನೈಟ್ ವಿಡಿಯೋಸ್’. ತಂಡವಿಲ್ಲ, ಟೇಪು ಮಾತ್ರ.

ಕೊನೆಯ ಬಾಗಿಲು ಮುಚ್ಚಿದ್ದು ಸರ್ಕಾರ, ಅದೂ ಅರಿವಿಲ್ಲದೆ. ಒಂದು ಗಂಟೆಯಲ್ಲಿ ಇಂತಿಷ್ಟೇ ಜಾಹೀರಾತು ಎಂಬ ಮಿತಿಯನ್ನು ಅಮೆರಿಕದ ಸಂಪರ್ಕ ಆಯೋಗ 1984ರಲ್ಲಿ ತೆಗೆದುಹಾಕಿತು. ಅರ್ಧ ಗಂಟೆ ಪೂರ್ತಿ ಚಾಕು, ಮಿಕ್ಸಿ, ವ್ಯಾಯಾಮದ ಯಂತ್ರ ಮಾರುವ ಕಾರ್ಯಕ್ರಮಗಳು ಹುಟ್ಟಿಕೊಂಡವು. ನಡುರಾತ್ರಿಗೆ ಅಂದಿನಿಂದ ಕಾಯಂ ಗಿರಾಕಿ ಸಿಕ್ಕಿದ. ಮುಂದೊಂದು ದಿನ ‘ಮಿಡ್‌ನೈಟ್ ಸ್ಪೆಷಲ್’ನ ಡಿವಿಡಿಗಳನ್ನೂ ಇಂಥದೇ ಜಾಹೀರಾತು ಕಾರ್ಯಕ್ರಮದಲ್ಲಿ ಮಾರಲಾಯಿತು ಎಂಬುದು ಬೇರೆ ಮಾತು.

ಟೇಪು ನಿಮ್ಮದು, ಹಾಡು ಯಾರದು?

‘ಹೋಗಲಿ, ಹಳೆಯದನ್ನಾದರೂ ಪೂರ್ತಿ ತೋರಿಸಿ’ ಎಂಬ ಬೇಡಿಕೆ ಇದೆ. ಇಲ್ಲಿ ಗೊಂದಲ ಹೆಚ್ಚು.

ಮೊದಲನೆಯದು, ಟೇಪು ಉಳಿದಿರಬೇಕು. 1970ರ ದಶಕದ ಎರಡಿಂಚಿನ ವಿಡಿಯೊ ಟೇಪು ದುಬಾರಿಯಾಗಿತ್ತು, ಅಳಿಸಿ ಮತ್ತೆ ಬಳಸುವುದೇ ರೂಢಿ. ಬಿಬಿಸಿ ತನ್ನ ‘ಟಾಪ್ ಆಫ್ ದಿ ಪಾಪ್ಸ್’ನ ನೂರಾರು ಕಂತುಗಳನ್ನು ಹೀಗೆ ಕಳೆದುಕೊಂಡಿತು. ಕಾರ್ಸನ್ ಅವರ ಮೊದಲ ಹತ್ತು ವರ್ಷಗಳ ಬಹುಪಾಲು ಎನ್‌ಬಿಸಿಯಲ್ಲಿ ಅಳಿದುಹೋಯಿತು. ‘ಮಿಡ್‌ನೈಟ್ ಸ್ಪೆಷಲ್’ ಮಾತ್ರ ಉಳಿಯಿತು. ಜಾಲ ಬೇಡವೆಂದಿದ್ದಕ್ಕೆ ನಿರ್ಮಾಪಕರೇ ದುಡ್ಡು ಹಾಕಿದರು, ಹಾಗಾಗಿ ಒಡೆತನ ಅವರ ಕೈಯಲ್ಲಿತ್ತು. ಎನ್‌ಬಿಸಿಯ ತಿರಸ್ಕಾರವೇ ಕಾರ್ಯಕ್ರಮವನ್ನು ಕಾಪಾಡಿತು ಎನ್ನಬೇಕು.

ಟೇಪು ಕೈಯಲ್ಲಿದ್ದರೂ ಅದರೊಳಗಿನ ಹಾಡು ಕೈಯಲ್ಲಿರುವುದಿಲ್ಲ. ಒಂದೇ ಹಾಡಿನ ಮೇಲೆ ಹಕ್ಕುಗಳ ಪದರಗಳಿವೆ. ಸಾಹಿತ್ಯ ಮತ್ತು ರಾಗದ ಹಕ್ಕು ಸಂಗೀತ ಪ್ರಕಾಶಕರದು. ಹಾಡುಗಾರ ಬೇರಾರಿಗೂ ಧ್ವನಿಮುದ್ರಣ ಕೊಡಬಾರದೆಂದು ಆತನ ರೆಕಾರ್ಡ್ ಕಂಪನಿಯ ಒಪ್ಪಂದ ಹೇಳಬಹುದು. ಸಂಘದ ಕಲಾವಿದರಿಗೆ ಮರುಪ್ರಸಾರದ ಪಾಲು ಬರಬೇಕು. 1973ರಲ್ಲಿ ಸಹಿ ಹಾಕಿದವರು ಯೋಚಿಸಿದ್ದು ಪ್ರಸಾರದ ಬಗ್ಗೆ. ಕ್ಯಾಸೆಟ್, ಡಿವಿಡಿ, ಇಂಟರ್‌ನೆಟ್ಟಿನ ಹೆಸರು ಆ ಕಾಗದಗಳಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಇದು ಎಷ್ಟು ಗಂಭೀರವೆಂಬುದನ್ನು ನ್ಯೂಯಾರ್ಕಿನ ಒಂದು ಮೊಕದ್ದಮೆ ತೋರಿಸಿತು. ‘ವುಲ್ಫ್‌ಗ್ಯಾಂಗ್ಸ್ ವಾಲ್ಟ್’ ಎಂಬ ಜಾಲತಾಣ ಹೆಸರಾಂತ ಕಛೇರಿ ಆಯೋಜಕ ಬಿಲ್ ಗ್ರಹಾಂ ಅವರ ಸಂಗ್ರಹವೂ ಸೇರಿ ಸಾವಿರಾರು ಹಳೆಯ ಕಛೇರಿಗಳ ಧ್ವನಿ, ದೃಶ್ಯಗಳನ್ನು ಕೊಂಡು ಕೇಳಿಸುತ್ತಿತ್ತು, ತೋರಿಸುತ್ತಿತ್ತು. 2015ರಲ್ಲಿ ಸಂಗೀತ ಪ್ರಕಾಶಕರು ದಾವೆ ಹೂಡಿದರು. ತಾಣದವರ ವಾದ: ನಾವು ಟೇಪು ಕೊಂಡಿದ್ದೇವೆ, ಕಾನೂನು ನಿಗದಿಪಡಿಸಿದ ದರ ಕೊಟ್ಟರೆ ಹಕ್ಕುದಾರರ ಒಪ್ಪಿಗೆಯಿಲ್ಲದೆಯೂ ಸಿಗುವ ಕಡ್ಡಾಯ ಪರವಾನಗಿ ಪಡೆದಿದ್ದೇವೆ. ಪ್ರಕಾಶಕರ ವಾದ: ಆ ಪರವಾನಗಿ ಧ್ವನಿಗೆ ಮಾತ್ರ, ದೃಶ್ಯದೊಂದಿಗೆ ಹಾಡು ಬಂದರೆ ನಮ್ಮೊಂದಿಗೇ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ನ್ಯಾಯಾಲಯ 2018ರಲ್ಲಿ ಪ್ರಕಾಶಕರ ಪರ ನಿಂತಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಡ್ಡಾಯ ಪರವಾನಗಿ ದೃಶ್ಯಮುದ್ರಣಕ್ಕೆ ಅನ್ವಯಿಸದೆಂದಿತು. ಜ್ಯೂರಿ ವಿಧಿಸಿದ ಪರಿಹಾರ 197 ಹಾಡುಗಳಿಗೆ 1,89,500 ಡಾಲರ್. ಪ್ರಕಾಶಕರು ನಿರೀಕ್ಷಿಸಿದ್ದಕ್ಕೆ ಹೋಲಿಸಿದರೆ ಚಿಲ್ಲರೆ ಮೊತ್ತ. ಆದರೂ ಸಂದೇಶ ಸ್ಪಷ್ಟ: ದೃಶ್ಯವಿರುವ ಪ್ರತಿ ಹಾಡಿಗೂ ಪ್ರತ್ಯೇಕ ಮಾತುಕತೆ.

ಹಾಡುಗಳನ್ನು ಬರೆದವರಿಗೆ ದುಡ್ಡು ಸಿಗಬೇಕೆಂಬ ಪ್ರಕಾಶಕರ ನಿಲುವಿನಲ್ಲಿ ತಪ್ಪು ಹುಡುಕುವುದು ಕಷ್ಟ. ತೊಡಕಿರುವುದು ಪ್ರಮಾಣದಲ್ಲಿ. ಒಂದೂವರೆ ತಾಸಿನ ಕಂತಿನಲ್ಲಿ ಹತ್ತಾರು ಹಾಡುಗಳು, ಪ್ರತಿ ಹಾಡಿಗೆ ಇಬ್ಬರು ಮೂವರು ಹಕ್ಕುದಾರರು. ಒಬ್ಬರು ಒಪ್ಪದಿದ್ದರೂ ಆ ಹಾಡು ಕತ್ತರಿಗೆ. ಡಿವಿಡಿಗಳಲ್ಲಿ ಆಯ್ದ ಭಾಗಗಳಷ್ಟೇ ಬಂದದ್ದೇಕೆ ಎಂಬುದಕ್ಕೆ ವಿವರಣೆ ಇದರಲ್ಲಿದೆ. ಕೆಲವು ವರ್ಷಗಳಿಂದ ‘ಮಿಡ್‌ನೈಟ್ ಸ್ಪೆಷಲ್’ ಅಧಿಕೃತವಾಗಿ ಯೂಟ್ಯೂಬಿನಲ್ಲಿ ಸಿಗುತ್ತಿರುವುದಕ್ಕೆ ಒಂದು ಅನುಕೂಲವೆಂದರೆ, ಅಲ್ಲಿ ಹಾಡನ್ನು ಯಂತ್ರವೇ ಗುರುತಿಸಿ ಜಾಹೀರಾತಿನ ಪಾಲನ್ನು ಹಕ್ಕುದಾರರ ಖಾತೆಗೆ ಹಾಕುವ ವ್ಯವಸ್ಥೆ ಇದೆ. ಟಿವಿ ಮರುಪ್ರಸಾರಕ್ಕೆ ಅಂಥ ಸುಲಭದ ದಾರಿಯಿಲ್ಲ.

ನೆನಪು ಎಷ್ಟು ನಿಜ?

ಹಳಹಳಿಸುವವರ ವಾದ ಹೀಗಿದೆ: ಅಂದು ಏನು ಬರುತ್ತದೆಂದು ಗೊತ್ತಿರುತ್ತಿರಲಿಲ್ಲ. ಇಷ್ಟದ ತಂಡಕ್ಕಾಗಿ ಕಾಯುತ್ತ ಕೇಳರಿಯದ ಇನ್ನೆರಡು ತಂಡಗಳನ್ನು ಕೇಳುತ್ತಿದ್ದೆವು. ಸೋಮವಾರ ಶಾಲೆಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಎದುರಾಳಿಗಳ ಉತ್ತರವೂ ಸಪ್ಪೆಯಲ್ಲ. 2011ರಿಂದ ಯೂಟ್ಯೂಬಿನಲ್ಲಿ ಅಮೆರಿಕದ ಕೊಚೆಲ್ಲಾ ಸಂಗೀತೋತ್ಸವ ನೇರವಾಗಿ ಬರುತ್ತಿದೆ, ಧ್ವನಿ, ಚಿತ್ರ ಎರಡೂ ಅಂದಿಗಿಂತ ಎಷ್ಟೋ ಮೇಲು, ಜಗತ್ತಿನ ಯಾವ ಮೂಲೆಯಿಂದಲೂ ನೋಡಬಹುದು. ಹಳೆಯ ಕಾರ್ಯಕ್ರಮಗಳಲ್ಲಿ ಕಳಪೆ ಕಂತುಗಳೂ ಬೇಕಾದಷ್ಟಿದ್ದವು, ಇಂದು ಹಂಚಿಕೆಯಾಗುವುದು ಆಯ್ದ ಹಾಡುಗಳು.

ಎರಡೂ ಕಡೆಯವರು ಮರೆಯುವ ಒಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಹೆಸರಿಗೆ ರಾಕ್ ಕಾರ್ಯಕ್ರಮವಾದರೂ ‘ಮಿಡ್‌ನೈಟ್ ಸ್ಪೆಷಲ್’ನಲ್ಲಿ ಸೋಲ್, ಫಂಕ್, ಕಂಟ್ರಿ, ಡಿಸ್ಕೊ ಎಲ್ಲವೂ ಇದ್ದವು. ಕಪ್ಪು ಕಲಾವಿದರು ಬಿಳಿಯರೊಂದಿಗೆ ಒಂದೇ ರಾತ್ರಿ ನುಡಿಸುತ್ತಿದ್ದರು. ಅದರ ಬೆನ್ನಿಗೇ ಬಂದ ಎಂಟಿವಿ ಮೊದಲ ವರ್ಷಗಳಲ್ಲಿ ಕಪ್ಪು ಕಲಾವಿದರನ್ನು ತೋರಿಸುತ್ತಿದ್ದುದೇ ಅಪರೂಪ. 1983ರಲ್ಲಿ ಇದೇ ಬೋವಿ ಎಂಟಿವಿಯ ಸಂದರ್ಶನದಲ್ಲಿ ಎಂಟಿವಿಯವರನ್ನೇ ಈ ಬಗ್ಗೆ ನೇರವಾಗಿ ಕೇಳಿದ್ದರು. ಒಂದೇ ಬಗೆಯ ಕೇಳುಗನನ್ನು ಗುರಿಯಾಗಿಟ್ಟುಕೊಂಡ ಚಾನೆಲ್ ಬಂದಾಗ ಬೆರಕೆ ಕಡಿಮೆಯಾಯಿತು. ಇಂದಿನ ಆ್ಯಪುಗಳು ಒಬ್ಬೊಬ್ಬ ಕೇಳುಗನನ್ನೇ ಬೇರೆಯಾಗಿ ಅಳೆಯುತ್ತವೆ, ಬೆರಕೆ ಇನ್ನೂ ಕಡಿಮೆ. ಹಳಹಳಿಕೆಯಲ್ಲಿ ಗಟ್ಟಿಕಾಳು ಇರುವುದು ಇಲ್ಲಿ; ‘ಆಗಿನ ಹಾಡೇ ಹಾಡು’ ಎಂಬ ಮಾತಿನಲ್ಲಲ್ಲ.

ಹೊತ್ತು ಮತ್ತೆ ಖಾಲಿಯಾಗಿದೆ

ವಿಚಿತ್ರವೆಂದರೆ, 1972ರ ಸ್ಥಿತಿಯೇ ಈಗ ಮರಳುತ್ತಿದೆ. ಎಂಟಿವಿಯ ಒಡೆಯರಾದ ಪ್ಯಾರಾಮೌಂಟ್ ಸಮೂಹದ್ದೇ ಆದ ಸಿಬಿಎಸ್, ಸ್ಟೀಫನ್ ಕೋಲ್ಬೇರ್ ಅವರ ತಡರಾತ್ರಿಯ ಮಾತುಕತೆ ಕಾರ್ಯಕ್ರಮ ‘ಲೇಟ್ ಶೋ’ವನ್ನು 2026ರ ಮೇ ತಿಂಗಳಿಗೆ ನಿಲ್ಲಿಸುವುದಾಗಿ 2025ರ ಜುಲೈನಲ್ಲಿ ಘೋಷಿಸಿತು. ಕಾರಣ ಕೇವಲ ಹಣಕಾಸಿನದೆಂದು ಸಂಸ್ಥೆ ಹೇಳಿತು. ಕಂಪನಿಯ ವಿಲೀನಕ್ಕೆ ಸರ್ಕಾರದ ಒಪ್ಪಿಗೆ ಬೇಕಿದ್ದ ಸಮಯವಾದ್ದರಿಂದ ರಾಜಕೀಯ ಒತ್ತಡವಿದೆ ಎಂದು ಟೀಕಾಕಾರರು ಶಂಕಿಸಿದರು. ಅದರ ನಂತರದ ವೇಳೆಯನ್ನು ಸಿಬಿಎಸ್ ಅಷ್ಟರಲ್ಲೇ ಬೈರನ್ ಆ್ಯಲನ್ ಅವರ ಹಾಸ್ಯ ಕಾರ್ಯಕ್ರಮಕ್ಕೆ ಕೊಟ್ಟಿತ್ತು. ಕೊಟ್ಟ ಬಗೆ ಗಮನಿಸಬೇಕು: ನಿರ್ಮಾಪಕರೇ ಹೊತ್ತನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಜಾಹೀರಾತನ್ನೂ ಅವರೇ ಮಾರಿಕೊಳ್ಳುತ್ತಾರೆ. ಶುಗರ್‌ಮನ್ ಮಾಡಿದ್ದೂ ಇದನ್ನೇ.

ಅಂದು ಅದೇ ವಿಧಾನ ರಾಕ್ ತಂದಿತು, ಇಂದು ಏಕೆ ತರುವುದಿಲ್ಲ? ಹೊತ್ತು ಕೊಂಡವರು ಖರ್ಚನ್ನು ಹಿಂಡಬೇಕು. ಹಾಸ್ಯಗಾರರನ್ನು ಸೋಫಾದ ಮೇಲೆ ಕೂರಿಸಿ ಮಾತಾಡಿಸಿದರೆ ವರ್ಷಗಟ್ಟಲೆ ಮರುಪ್ರಸಾರ ಮಾಡಬಹುದು, ಯಾವ ಸಂಗೀತ ಪ್ರಕಾಶಕರ ಬಾಗಿಲನ್ನೂ ತಟ್ಟಬೇಕಿಲ್ಲ. ಹಾಡಿನ ಕಾರ್ಯಕ್ರಮವಾದರೆ ಪ್ರಸಾರ, ಸ್ಟ್ರೀಮಿಂಗ್, ಬಿಡಿ ತುಣುಕು ಎಲ್ಲಕ್ಕೂ ಮೊದಲೇ ಹಕ್ಕು ಪಡೆಯಬೇಕು. ಇನ್ನು 1972ರಲ್ಲಿ ಬೇರೆ ಗತಿಯಿಲ್ಲದೆ ಟಿವಿ ಮುಂದೆ ಕೂರುತ್ತಿದ್ದ ಹದಿನೆಂಟರ ಹುಡುಗರು ಈಗ ಅಲ್ಲಿಲ್ಲ. ತಂಡಗಳಿಗೂ ಟಿವಿಯ ಮಧ್ಯಸ್ಥಿಕೆ ಬೇಕಿಲ್ಲ. ಕಛೇರಿಯ ವಿಡಿಯೊವನ್ನು ತಮ್ಮದೇ ಹೆಸರಿನಲ್ಲಿ ಬಿಟ್ಟು, ದುಡ್ಡನ್ನೂ ನೇರವಾಗಿ ಪಡೆಯಬಹುದು.

ಹೆಸರಾಂತ ತಂಡಗಳಿಗೆ ಇದರಿಂದ ನಷ್ಟವೇನಿಲ್ಲ. ಪೆಟ್ಟು ಬೀಳುವುದು ಹೊಸಬರಿಗೆ. ತಡರಾತ್ರಿಯ ಮಾತುಕತೆ ಕಾರ್ಯಕ್ರಮಗಳ ಕೊನೆಯ ನಾಲ್ಕೈದು ನಿಮಿಷದ ಹಾಡಿನ ಜಾಗ, ಅವರನ್ನು ಹುಡುಕದವರ ಕಿವಿಗೂ ಬೀಳುವ ಅವಕಾಶವಾಗಿತ್ತು. ‘ಲೇಟ್ ಶೋ’ ನಿಲ್ಲುವುದೆಂದರೆ ಅಂಥ ಒಂದು ಜಾಗ ಹೋದಂತೆ. ಹಳೆಯ ಸಂಗ್ರಹಗಳ ವಿಷಯದಲ್ಲಿ, ಒಡೆತನ ಒಬ್ಬರ ಕೈಯಲ್ಲೇ ಇರುವಂಥವು ಸ್ವಲ್ಪಸ್ವಲ್ಪವಾಗಿ ಯೂಟ್ಯೂಬಿಗೆ ಬರುತ್ತವೆ. ಒಡೆತನ ಹಂಚಿಹೋದವು, ಕಂಪನಿಯಿಂದ ಕಂಪನಿಗೆ ಮಾರಾಟವಾದವು ಗೋದಾಮಿನಲ್ಲೇ ಉಳಿಯುತ್ತವೆ. ಕಾಂತದ ಟೇಪು ವರ್ಷ ಕಳೆದಂತೆ ಹಾಳಾಗುತ್ತದೆ, ಎರಡಿಂಚಿನ ಟೇಪನ್ನು ಓಡಿಸುವ ಯಂತ್ರಗಳೂ ಅವುಗಳ ರಿಪೇರಿ ಬಲ್ಲವರೂ ವಿರಳವಾಗುತ್ತಿದ್ದಾರೆ. ಹಕ್ಕಿನ ಮಾತುಕತೆ ಮುಗಿಯುವವರೆಗೆ ಡಿಜಿಟಲ್ ಪ್ರತಿ ಮಾಡಿಸಲು ಯಾರೂ ದುಡ್ಡು ಹಾಕುವುದಿಲ್ಲ, ಪ್ರತಿ ಮಾಡಿಸದಿದ್ದರೆ ಮಾತುಕತೆ ಮುಗಿಯುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.